ಹೊಕ್ಕುಳ ಬಳ್ಳಿಯ ರಕ್ತ ಮೊದಲು ಯಾರಿಗೆ ಸೇರ್ಬೇಕು?

ಬಸುರಿಗೆ ಏಳನೇ ತಿಂಗಳು ತುಂಬೋ ಹೊತ್ತಿಗೆ ಸ್ಟೆಮ್ ಸೆಲ್ ಬ್ಯಾಂಕಿನೋರ ಫೋನ್ ಬರಕ್ಕೆ ಶುರುವಾಗತ್ತೆ. ಸ್ಕ್ಯಾನಿಂಗ್ ಸೆಂಟರಲ್ಲಿ ಬರೆಸಿದ ನಂಬರೋ, ಮೊಬೈಲಲ್ಲಿ ಹಾಕ್ಕೊಂಡಿರೋ ಪ್ರೆಗ್ನೆನ್ಸಿ ಆ್ಯಪ್‌ನಿಂದ ಹೋಗಿದ್ದೋ, ಅಂತೂ ಅವರಿಗೆ ನಮ್ಮ ಡ್ಯೂ ಡೇಟ್ ಸಮೇತ ಗೊತ್ತಿರತ್ತೆ. ಮಾತಾಡೋ ಹುಡುಗಿ ತುಂಬಾ ಮರ್ಯಾದೆಯಿಂದ ಮಾತಾಡ್ತಾಳೆ, ಕಂಗ್ರಾಜುಲೇಷನ್ಸ್ ಹೇಳ್ತಾಳೆ, ಊಟ ತಿಂಡಿ ವಿಚಾರಿಸ್ತಾಳೆ, ಆಮೇಲೆ ವಿಷಯಕ್ಕೆ ಬರ್ತಾಳೆ: ಮಗು ಹುಟ್ಟಿದ ಮೇಲೆ ಹೊಕ್ಕುಳ ಬಳ್ಳಿಯಲ್ಲಿ ಉಳಿಯೋ ರಕ್ತದಲ್ಲಿ ಸ್ಟೆಮ್ ಸೆಲ್, ಅಂದ್ರೆ ಹೊಸ ರಕ್ತ ಹುಟ್ಟಿಸೋ ಮೂಲ ಕೋಶ ಇರತ್ತೆ ಮೇಡಂ, ಅದನ್ನ ಆಸ್ಪತ್ರೇಲಿ ಬಿಸಾಕಿಬಿಡ್ತಾರೆ, ನಾವು ತಗೊಂಡು ಫ್ರೀಜ್ ಮಾಡಿ ಇಡ್ತೀವಿ, ಮುಂದೆ ಮಗೂಗೆ ಲುಕೇಮಿಯಾ (ರಕ್ತದ ಕ್ಯಾನ್ಸರ್), ಥಲಸ್ಸೀಮಿಯಾ ತರದ್ದು ಏನಾದ್ರೂ ಬಂದ್ರೆ ಅದೇ ಕಾಪಾಡತ್ತೆ, ಈ ಅವಕಾಶ ಜೀವನದಲ್ಲಿ ಒಂದೇ ಸಲ ಬರೋದು. ಕೊನೇ ಮಾತು ನಿಜವೇ. ಅದಕ್ಕೇ ಅದು ಎದೆಗೆ ನಾಟತ್ತೆ, ಹೊಟ್ಟೇಲಿ ಮಗು ಒದೀತಾ ಇರೋವಾಗ ಯಾವ ತಾಯಿಗೆ ಬೇಡ ಅನ್ನೋಕೆ ಬಾಯಿ ಬರತ್ತೆ ಹೇಳಿ.

ನಮ್ಮ ಮನೇಲಿ ಈ ಫೋನ್ ಬೇರೆ ಮನೆಗಳಿಗಿಂತ ಜಾಸ್ತಿ ಜೋರಾಗಿ ಕೇಳಿಸ್ತು, ಯಾಕಂದ್ರೆ ಥಲಸ್ಸೀಮಿಯಾ ಅನ್ನೋ ಪದ ನಮಗೆ ಬರೀ ಬ್ರೋಷರಿನ ಪದ ಅಲ್ಲ. ನಮ್ಮ ನಾದಿನಿ ಮಗನಿಗೆ ಥಲಸ್ಸೀಮಿಯಾ ಮೇಜರ್. ಹುಟ್ಟಿದಾಗ ಚೆನ್ನಾಗೇ ಇದ್ದ, ಆರು ತಿಂಗಳು ಕಳೆದ ಮೇಲೆ ಬಿಳಿಚಿಕೊಳ್ಳೋಕೆ ಶುರುವಾಯ್ತು, ಹಾಲು ಕುಡಿಯೋಕೂ ಸುಸ್ತು, ಮೊದಲು ಹಲ್ಲು ಬರ್ತಿದೆ ಅಂದ್ರು, ಆಮೇಲೆ ದೃಷ್ಟಿ ತೆಗೆದ್ರು, ಕೊನೆಗೆ ಬ್ಲಡ್ ಟೆಸ್ಟ್ ಮಾಡಿಸಿದಾಗ ಗೊತ್ತಾಯ್ತು. ತಾಯಿ ಹೊಟ್ಟೇಲಿದ್ದಾಗಿನ ಹಿಮೋಗ್ಲೋಬಿನ್ ಬೇರೆ ಥರದ್ದು, ಅದು ಕಡಿಮೆಯಾಗಿ ದೊಡ್ಡೋರ ಥರದ ಹಿಮೋಗ್ಲೋಬಿನ್ ತಯಾರಾಗ್ಬೇಕಾದ ಟೈಮಲ್ಲಿ ಈ ಮಕ್ಕಳ ಮೈ ಅದನ್ನ ಸರಿಯಾಗಿ ಮಾಡಲ್ಲ, ಅದಕ್ಕೇ ಮೊದಲ ಕೆಲವು ತಿಂಗಳು ಏನೂ ಗೊತ್ತಾಗಲ್ಲ. ಅವತ್ತಿನಿಂದ ಮೂರು ವಾರಕ್ಕೊಂದ್ಸಲ ರಕ್ತ ಹಾಕಿಸ್ಬೇಕು, ಹಾಕಿಸಿದ ರಕ್ತದಿಂದ ಮೈಯಲ್ಲಿ ಸೇರ್ಕೊಳ್ಳೋ ಕಬ್ಬಿಣಾಂಶ ಹೊರಗೆ ಹಾಕೋಕೆ ದಿನಾ ಮಾತ್ರೆ. ಆ ಮಗು ಸೂಜಿ ನೋಡಿ ಈಗ ಅಳೋದೂ ಇಲ್ಲ, ತಾನೇ ಕೈ ಚಾಚ್ತಾನೆ. ಅದನ್ನ ನೋಡಿದೋರಿಗೆ ಸ್ಟೆಮ್ ಸೆಲ್ ಬ್ಯಾಂಕಿನೋರು ಹೇಳೋ ಪ್ರತಿ ಮಾತೂ ದೇವರ ಮಾತಿನ ಥರ ಕೇಳತ್ತೆ.

ಹಾಗಾಗಿ ನಾನು ಬಸುರಿ ಅಂತ ಗೊತ್ತಾದ ಕೂಡ್ಲೇ ಮಾಡಿಸಿದ ಮೊದಲ ಕೆಲಸ ಎಚ್‌ಬಿಎ2 ಟೆಸ್ಟ್. ಥಲಸ್ಸೀಮಿಯಾ ಜೀನ್ ನಮ್ಮಲ್ಲಿದೆಯಾ ಅಂತ ತಿಳಿಸೋ ಒಂದು ಸಣ್ಣ ಬ್ಲಡ್ ಟೆಸ್ಟ್ ಅಷ್ಟೇ. ನಾದಿನಿ ಕ್ಯಾರಿಯರ್, ಅಂದ್ರೆ ಕಾಯಿಲೆ ಇಲ್ದೆ ಜೀನ್ ಮಾತ್ರ ಹೊತ್ತಿರೋಳು, ಅಂದ್ಮೇಲೆ ಅವಳ ಅಣ್ಣ, ಅಂದ್ರೆ ನಮ್ಮನೆಯವರು, ಕ್ಯಾರಿಯರ್ ಆಗಿರೋ ಸಾಧ್ಯತೆ ಅರ್ಧಕ್ಕರ್ಧ ಇತ್ತು. ಅವರದ್ದು ಬಂತು, ಮೂರೂವರೆ ಪರ್ಸೆಂಟಿಗಿಂತ ಜಾಸ್ತಿ, ಕ್ಯಾರಿಯರ್. ನನ್ನದು ನಾರ್ಮಲ್. ಗಂಡ ಹೆಂಡತಿ ಇಬ್ರೂ ಕ್ಯಾರಿಯರ್ ಆದ್ರೆ ಪ್ರತಿ ಬಸಿರಲ್ಲೂ ನಾಲ್ಕಕ್ಕೆ ಒಂದು ಪಾಲು ಮೇಜರ್ ಆಗೋ ಭಯ, ಒಬ್ರೇ ಆದ್ರೆ ಮಗು ಹೆಚ್ಚಂದ್ರೆ ಕ್ಯಾರಿಯರ್ ಆಗ್ಬೋದು, ಕಾಯಿಲೆ ಬರಲ್ಲ. ರಿಪೋರ್ಟ್ ನೋಡಿ ಅತ್ತೆ ದೇವರ ಮನೆಗೆ ಹೋಗಿ ದೀಪ ಹಚ್ಚಿ ಬಂದ್ರು. ಬ್ಯಾಂಕ್ ಬೇಕೋ ಬೇಡ್ವೋ ಅನ್ನೋ ಪ್ರಶ್ನೆಗಿಂತ ತಿಂಗಳುಗಟ್ಟಲೆ ಮುಂಚೆ ಕೇಳ್ಬೇಕಾದ ಪ್ರಶ್ನೆ ಇದು. ಬ್ಯಾಂಕಿನ ಫೀಸಿನ ಮುಂದೆ ಈ ಟೆಸ್ಟಿನ ದುಡ್ಡು ಏನೂ ಅಲ್ಲ, ಆದ್ರೂ ಎಷ್ಟೋ ಕಡೆ ಇದನ್ನ ನಾವಾಗೇ ಕೇಳಿದ್ರೇನೇ ಬರೆದುಕೊಡ್ತಾರೆ.

ಆದ್ರೂ ಫೋನ್ ನಿಲ್ಲಲಿಲ್ಲ. ಒಂದು ಭಾನುವಾರ ಮನೆಗೇ ಕೌನ್ಸೆಲರ್ ಬಂದ್ರು, ಲ್ಯಾಪ್‌ಟಾಪಲ್ಲಿ ಸ್ಲೈಡ್ ತೋರಿಸಿದ್ರು. ಎಪ್ಪತ್ತು ಸಾವಿರದ ಆಸುಪಾಸು ಪ್ಯಾಕೇಜು, ಇಎಂಐ ಇದೆ, ಎಪ್ಪತ್ತೈದು ವರ್ಷ ಇಡೋ ಪ್ಲಾನೂ ಇದೆ. ನಮ್ಮನೆಯವರು ನನ್ನ ಮುಖ ನೋಡಿದ್ರು. ದುಡ್ಡಿನ ವಿಷಯ ಬಂದ್ರೆ ಮಗೂಗಿಂತ ದುಡ್ಡು ಹೆಚ್ಚಾ ಅನ್ನೋ ಪ್ರಶ್ನೆ ಯಾರೂ ಬಾಯಿಬಿಟ್ಟು ಕೇಳದೇ ಇದ್ರೂ ಕೋಣೆ ತುಂಬಾ ನಿಂತಿರತ್ತೆ. ಆ ಸ್ಲೈಡಲ್ಲಿ 1988ರ ಪ್ಯಾರಿಸ್ ಕಥೆ ಇತ್ತು, ಜಗತ್ತಿನ ಮೊದಲ ಕಾರ್ಡ್ ಬ್ಲಡ್ (ಬಳ್ಳಿ ರಕ್ತದ) ಟ್ರಾನ್ಸ್‌ಪ್ಲಾಂಟ್. ಅವರು ಹೋದ್ಮೇಲೆ ನಾನು ಆ ಕಥೆಯನ್ನೇ ಹಿಡ್ಕೊಂಡು ಓದಕ್ಕೆ ಕೂತೆ, ಓದ್ತಾ ಓದ್ತಾ ನನ್ನ ಇಡೀ ಯೋಚನೆ ತಿರುಗಿದ್ದು ಅಲ್ಲೇ.

ಅಮೆರಿಕದ ಉತ್ತರ ಕ್ಯಾರೊಲಿನಾದ 5 ವರ್ಷದ ಒಬ್ಬ ಹುಡುಗನಿಗೆ ಫ್ಯಾಂಕೋನಿ ಅನೀಮಿಯಾ, ಅಂದ್ರೆ ಮೂಳೆ ಮಜ್ಜೆ ರಕ್ತ ತಯಾರು ಮಾಡೋದನ್ನೇ ನಿಲ್ಲಿಸ್ತಾ ಹೋಗೋ ವಂಶವಾಹಿ ಕಾಯಿಲೆ. ಅವನ ತಾಯಿ ಮತ್ತೆ ಬಸುರಿ, ಹೊಟ್ಟೇಲಿರೋ ಹೆಣ್ಣು ಮಗೂಗೆ ಆ ಕಾಯಿಲೆ ಇಲ್ಲ ಮತ್ತೆ ಅಣ್ಣನಿಗೆ ಅವಳ ಕೋಶಗಳ ಮೇಲಿನ ಗುರುತಾದ ಎಚ್‌ಎಲ್‌ಎ ಹೊಂದತ್ತೆ ಅಂತ ಗೊತ್ತಾಗಿತ್ತು. ಅವಳು ಹುಟ್ಟಿದಾಗ ಬಳ್ಳಿಯ ರಕ್ತ ತೆಗೆದು, ಇಂಡಿಯಾನಾದಲ್ಲಿ ಹಾಲ್ ಬ್ರಾಕ್ಸ್‌ಮಯರ್ ಅವರ ಲ್ಯಾಬಲ್ಲಿ ಫ್ರೀಜ್ ಮಾಡಿ, ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಗೆ ಕಳಿಸಿದ್ರು, ಅಲ್ಲಿ ಎಲಿಯಾನ್ ಗ್ಲುಕ್ಮನ್ ಅನ್ನೋ ಡಾಕ್ಟರಮ್ಮ 1988ರ ಅಕ್ಟೋಬರಲ್ಲಿ ಆ ಹುಡುಗನಿಗೆ ಹಾಕಿದ್ರು. ಅವನು ಉಳ್ಕೊಂಡ, ದೊಡ್ಡೋನಾದ. ಓದಿದಾಗ ಕಣ್ಣಲ್ಲಿ ನೀರು ಬಂತು, ನಮ್ಮ ಹುಡುಗನ, ಅಂದ್ರೆ ನಾದಿನಿ ಮಗನ ವಯಸ್ಸೇ. ಆದ್ರೆ ಈ ಕಥೇಲಿ ಒಂದು ವಿಷಯ ನೋಡಿ, ಆ ಹುಡುಗನ್ನ ಉಳಿಸಿದ್ದು ಅವನದೇ ಬಳ್ಳಿಯ ರಕ್ತ ಅಲ್ಲ. ತಂಗಿಯದ್ದು. ಮತ್ತೆ ಆ ರಕ್ತ ತೆಗೆಯೋ ದಿನಕ್ಕೆ ಕಾಯಿಲೆ ಮನೇಲಿ ಆಗಲೇ ಇತ್ತು, ಯಾರಿಗೆ ಬೇಕು ಅನ್ನೋದು ಗೊತ್ತಿತ್ತು.

ನಮ್ಮ ಮಗು ರಕ್ತ ನಮ್ಮ ಮಗೂಗೇ ಅಂತ ಇಡೋದು ಬೇರೆ ಮಾತು. ಥಲಸ್ಸೀಮಿಯಾ ಇರೋ ಮಗುವಿನ ಬಳ್ಳಿಯ ರಕ್ತದಲ್ಲೂ ಅದೇ ಕೆಟ್ಟ ಜೀನ್ ಇರತ್ತೆ, ಅದನ್ನೇ ವಾಪಸ್ ಹಾಕಿದ್ರೆ ಅದೇ ಕಾಯಿಲೆ ವಾಪಸ್. ನಾದಿನಿ ಮಗ ಹುಟ್ಟಿದಾಗ ಅವನ ರಕ್ತ ತೆಗೆದಿಟ್ಟಿದ್ರೂ ಇವತ್ತು ಅದರಿಂದ ಅವನಿಗೆ ಟ್ರಾನ್ಸ್‌ಪ್ಲಾಂಟ್ ಮಾಡೋ ಹಾಗಿರ್ಲಿಲ್ಲ. ಲುಕೇಮಿಯಾ ವಿಷಯಾನೂ ಹೆಚ್ಚುಕಮ್ಮಿ ಹೀಗೇ, ಮಕ್ಕಳಿಗೆ ಬರೋ ಎಷ್ಟೋ ಲುಕೇಮಿಯಾಗಳ ಮೊದಲ ಬದಲಾವಣೆ ಹುಟ್ಟೋ ಮುಂಚೇನೇ ಕೋಶದಲ್ಲಿ ಆಗಿರತ್ತೆ, ಹುಟ್ಟಿದಾಗ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯಲ್ಲೂ ಅದು ಸಿಕ್ಕಿರೋದುಂಟು, ಹಾಗಾಗಿ ಕಾಯಿಲೆಯ ಬೀಜ ಇರ್ಬೋದಾದ ರಕ್ತವನ್ನ ಯಾವ ಡಾಕ್ಟರೂ ಇಷ್ಟಪಟ್ಟು ಹಾಕಲ್ಲ. ಅದೂ ಅಲ್ದೆ ಬೇರೆಯವರ ಕೋಶ ಹಾಕಿದಾಗ ಅವು ಮೈಯಲ್ಲಿ ಉಳಿದ ಕ್ಯಾನ್ಸರ್ ಕೋಶಗಳ ಮೇಲೆ ಯುದ್ಧ ಮಾಡ್ತಾವೆ, ನಮ್ಮವೇ ಆದ್ರೆ ಗುರುತು ಹಿಡಿಯಲ್ಲ. ಅಂದ್ರೆ ಫೋನಲ್ಲಿ ಹೇಳಿದ ಎರಡು ದೊಡ್ಡ ಕಾಯಿಲೆಗಳಿಗೂ ಮಗುವಿನ ಸ್ವಂತ ರಕ್ತ ಕೆಲಸಕ್ಕೆ ಬರೋದು ಇಲ್ಲ ಅನ್ನೋಷ್ಟು ಕಡಿಮೆ. ಕೌನ್ಸೆಲರ್‌ಗೆ ಇದನ್ನ ಫೋನಲ್ಲಿ ಕೇಳಿದೆ. ಅಣ್ಣ ತಮ್ಮಂದಿರಿಗೆ ಆಗತ್ತಲ್ಲ ಮೇಡಂ ಅಂದ್ರು. ಹೌದು, ಆಗತ್ತೆ, ಆದ್ರೆ ಅಷ್ಟು ದೊಡ್ಡ ವಿಷಯವನ್ನ ಅವರೇ ಮೊದಲು ಹೇಳ್ಬೇಕಿತ್ತು.

ನಮ್ಮ ದೇಶದ ವೈದ್ಯಕೀಯ ಸಂಸ್ಥೆಗಳು ಈ ವಿಷಯದಲ್ಲಿ ಬಾಯಿ ಮುಚ್ಕೊಂಡು ಕೂತಿಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಈ ಥರ ಮಗುವಿನ ಮುಂದಿನ ಸ್ವಂತ ಬಳಕೆಗೆ ಅಂತ ದುಡ್ಡು ತಗೊಂಡು ಇಡೋದನ್ನ ಶಿಫಾರಸು ಮಾಡಲ್ಲ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯೂ 2018ರಲ್ಲಿ ಇದೇ ಮಾತು ಹೇಳಿದೆ, ಇದನ್ನ ಜೈವಿಕ ಇನ್ಶೂರೆನ್ಸ್ ಅಂತ ಕರೆಯೋದು ಸರಿಯಲ್ಲ ಅಂತ, ಆದ್ರೆ ಮನೇಲಿ ಈಗಾಗ್ಲೇ ಟ್ರಾನ್ಸ್‌ಪ್ಲಾಂಟ್ ಬೇಕಾದ ಕಾಯಿಲೆಯೋರು ಇದ್ರೆ ಖಂಡಿತ ತೆಗೆದಿಡಿ ಅಂತಾನೂ. ಮಗೂಗೆ ಮೊದಲ ಇಪ್ಪತ್ತು ವರ್ಷದಲ್ಲಿ ತನ್ನದೇ ರಕ್ತ ಬೇಕಾಗೋ ಸಾಧ್ಯತೆ ವೈದ್ಯರ ಲೆಕ್ಕದಲ್ಲಿ 2500ಕ್ಕೆ ಒಬ್ಬರಿಂದ ಹಿಡಿದು 2 ಲಕ್ಷಕ್ಕೆ ಒಬ್ಬರವರೆಗೆ. ಇಟಲಿ, ಫ್ರಾನ್ಸಲ್ಲಂತೂ ಸ್ವಂತಕ್ಕೆ ಇಡೋ ಪ್ರೈವೇಟ್ ಬ್ಯಾಂಕ್ ನಡೆಸೋಕೇ ಬಿಡಲ್ಲ, ಮೊದಲ ಟ್ರಾನ್ಸ್‌ಪ್ಲಾಂಟ್ ಆಗಿದ್ದೇ ಫ್ರಾನ್ಸಲ್ಲಿ ಅನ್ನೋದು ನೆನಪಿರ್ಲಿ.

ಫ್ರೀಜ್ ಮಾಡೋ ವಿಜ್ಞಾನ ಸುಳ್ಳಲ್ಲ, ಅದನ್ನೂ ಹೇಳ್ಬೇಕು. ಲಿಕ್ವಿಡ್ ನೈಟ್ರೋಜನ್‌ನಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇಟ್ರೆ ಕೋಶ ತುಂಬಾ ವರ್ಷ ಉಳಿಯತ್ತೆ, ಅದೇ ಬ್ರಾಕ್ಸ್‌ಮಯರ್ 2011ರಲ್ಲಿ 23 ವರ್ಷ ದಾಟಿದ ರಕ್ತದಿಂದ ಜೀವಂತ ಸ್ಟೆಮ್ ಸೆಲ್ ತೆಗೆದು ತೋರಿಸಿದ್ರು. ಆದ್ರೆ ಅದು ಡಿಗ್ರಿ ಸರಿಯಾಗಿ ಕಾಯ್ದುಕೊಂಡ್ರೆ. 2023ರ ನವೆಂಬರಲ್ಲಿ ಸಿಂಗಾಪುರದ ಆರೋಗ್ಯ ಇಲಾಖೆ ಅಲ್ಲಿನ ಕಾರ್ಡ್‌ಲೈಫ್ ಕಂಪನಿಯ ಕೆಲವು ಟ್ಯಾಂಕುಗಳಲ್ಲಿ ಉಷ್ಣಾಂಶ ಏರುಪೇರಾಗಿತ್ತು ಅಂತ ಹೇಳ್ತು, ಸುಮಾರು 2200 ಜನರು ಇಟ್ಟಿದ್ದ ರಕ್ತ ಹಾಳಾಗಿತ್ತು. ಅಷ್ಟು ಬಿಗಿ ಕಾನೂನಿರೋ ದೇಶದಲ್ಲೇ ಹೀಗಾಯ್ತು. ನಾವು ಇಡೋ ಪೊಟ್ಟಣ ಹೇಗಿದೆ ಅಂತ ವರ್ಷಕ್ಕೊಂದ್ಸಲ ಹೋಗಿ ನೋಡ್ಕೊಂಡು ಬರೋಕಾಗತ್ತಾ? ಬರೀ ನಂಬಿಕೆ ಮೇಲೆ ಎಪ್ಪತ್ತೈದು ವರ್ಷ. ಇನ್ನೊಂದು, ಟ್ರಾನ್ಸ್‌ಪ್ಲಾಂಟಿಗೆ ರೋಗಿಯ ತೂಕದ ಪ್ರತಿ ಕೆಜಿಗೆ ಕನಿಷ್ಠ ಎರಡೂವರೆ ಕೋಟಿ ಕೋಶ ಬೇಕು ಅಂತಾರೆ, ಅರವತ್ತು ಕೆಜಿ ಇರೋರಿಗೆ 150 ಕೋಟಿ, ಒಂದು ಬಳ್ಳಿಯಿಂದ ಅಷ್ಟು ಸಿಗೋದು ಅಪರೂಪ, ಸಣ್ಣ ಮಕ್ಕಳಿಗೆ ಸಾಕಾಗ್ಬೋದು, ದೊಡ್ಡೋರಿಗೆ ಒಂದೇ ಪೊಟ್ಟಣ ಸಾಲೋದು ಕಷ್ಟ. ಹಾಗಿದ್ಮೇಲೆ ಎಪ್ಪತ್ತೈದು ವರ್ಷದ ಪ್ಲಾನ್ ಯಾರಿಗೋಸ್ಕರ ಅಂತ ನಂಗೆ ಅರ್ಥ ಆಗ್ಲಿಲ್ಲ. ಬಳ್ಳಿಯ ತುಂಡನ್ನೂ ಇಡ್ತೀವಿ ಅಂತ ಇನ್ನಷ್ಟು ದುಡ್ಡು ಸೇರಿಸ್ತಾರೆ, ಆಟಿಸಂಗೆ ಆಗತ್ತೆ ಅಂತಾನೂ ಹೇಳ್ತಾರೆ, ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯೋರು ಆಟಿಸಂ ಇರೋ ಮಕ್ಕಳಿಗೆ ಕಾರ್ಡ್ ಬ್ಲಡ್ ಕೊಟ್ಟು ಮಾಡಿದ ಟ್ರಯಲ್ 2020ರಲ್ಲಿ ಪ್ರಕಟವಾಯ್ತು, ಮುಖ್ಯವಾಗಿ ನೋಡಿದ ಅಳತೆಯಲ್ಲಿ ಸುಧಾರಣೆ ಕಾಣಲಿಲ್ಲ. ಆಟಿಸಂ ಇರೋ ಮಕ್ಕಳ ಅಪ್ಪ ಅಮ್ಮಂದಿರ ಆಸೆ ಮೇಲೆ ವ್ಯಾಪಾರ ಮಾಡೋದು ನಂಗೆ ಸಹಿಸೋಕಾಗಲ್ಲ.

ಇಷ್ಟೆಲ್ಲ ಓದಿದ್ರೂ ಮನಸ್ಸಿನ ಮೂಲೇಲಿ ಒಂದು ಮಾತು ಕೊರೀತಾ ಇತ್ತು: ಬಿಸಾಕೋ ರಕ್ತ ತಾನೇ, ಇಟ್ರೆ ಕಳ್ಕೊಳ್ಳೋದೇನು. ಇದಕ್ಕೆ ಉತ್ತರ ಸಿಕ್ಕಿದ್ದು ಅತ್ತೆಯಿಂದ. ಅತ್ತೆ ಮಧುಗಿರಿ ಕಡೆಯೋರು, ಪಾವಗಡದ ಸೂಲಗಿತ್ತಿ ನರಸಮ್ಮನ ಹೆಸರು ಕೇಳಿಯೇ ಬೆಳೆದೋರು, ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಆ ತಾಯಿ ಅಂದ್ರೆ ಅವರಿಗೆ ಇವತ್ತಿಗೂ ಕೈ ಮುಗಿಯೋ ಭಕ್ತಿ. ಅತ್ತೆಯ ಅಜ್ಜಿ ಕೂಡ ಊರಲ್ಲಿ ಹೆರಿಗೆ ಮಾಡಿಸ್ತಿದ್ರಂತೆ. "ನಮ್ಮಜ್ಜಿ ಮಾಸು ಬೀಳೋತನ್ಕ ಬಳ್ಳಿ ಕತ್ತರಿಸ್ತಿರ್ಲಿಲ್ಲ ಕಣಮ್ಮ, ಅದ್ರಲ್ಲಿರೋದು ಮಗೂದು, ಅದಕ್ಕೇ ಇಳೀಲಿ ಅನ್ನೋರು" ಅಂದ್ರು ಅತ್ತೆ. ಮಾಸನ್ನ ಹಿತ್ತಲಲ್ಲಿ ಆಳವಾಗಿ ಹೂಳ್ತಿದ್ರು, ಒಣಗಿ ಬಿದ್ದ ಬಳ್ಳಿಯ ತುದೀನ ಬೆಳ್ಳಿ ತಾಯತದಲ್ಲಿ ಹಾಕಿ ಮಗು ಉಡಿದಾರಕ್ಕೆ ಕಟ್ತಿದ್ರು. ನಮ್ಮನೆಯವರಿಗೂ ಕಟ್ಟಿದ್ದಂತೆ.

ಅಜ್ಜಿಯ ಆ ಮಾತಿಗೆ ಇವತ್ತಿನ ವೈದ್ಯಶಾಸ್ತ್ರ ಸಾಕ್ಷಿ ಹೇಳತ್ತೆ. ಮಗು ಹೊರಗೆ ಬಂದ್ಮೇಲೂ ಬಳ್ಳಿ ಕೆಲವು ನಿಮಿಷ ಮಿಡೀತಾ ಇರತ್ತೆ, ಆ ಹೊತ್ತಲ್ಲಿ ಮಾಸಿನಿಂದ ಮಗುವಿನ ಮೈಗೆ ಎಂಬತ್ತರಿಂದ ನೂರು ಎಂಎಲ್ ರಕ್ತ ಇಳಿಯತ್ತೆ. ಮೂರು ಕೆಜಿ ಮಗುವಿನ ಮೈಯಲ್ಲಿ ಒಟ್ಟು ಇರೋದೇ 250 ಎಂಎಲ್ ಆಸುಪಾಸು ಅಂದ್ಮೇಲೆ ಅದು ಎಷ್ಟು ದೊಡ್ಡ ಪಾಲು ಯೋಚಿಸಿ. ತವರಿಂದ ಹೊರಡೋವಾಗ ಕಟ್ಟಿಕೊಡೋ ಬುತ್ತಿ ಥರ, ಅದರಲ್ಲಿರೋ ಕಬ್ಬಿಣಾಂಶ ಮಗೂಗೆ ಮುಂದಿನ ಆರು ತಿಂಗಳು ಆಧಾರ. ವಿಶ್ವ ಆರೋಗ್ಯ ಸಂಸ್ಥೆ ಒಂದು ನಿಮಿಷಕ್ಕಿಂತ ಮುಂಚೆ ಬಳ್ಳಿಗೆ ಕ್ಲಿಪ್ ಹಾಕ್ಬೇಡಿ ಅನ್ನತ್ತೆ, ನಮ್ಮ ಸರ್ಕಾರದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮ ಕನಿಷ್ಠ ಮೂರು ನಿಮಿಷ ಇಲ್ಲಾ ಮಿಡಿತ ನಿಲ್ಲೋತನಕ ಕಾಯಿರಿ ಅನ್ನತ್ತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಕ್ಕಳಿಗೆ ರಕ್ತಹೀನತೆ. ಹೆಚ್ಚಂದ್ರೆ ಎರಡೂವರೆ ಸಾವಿರಕ್ಕೆ ಒಂದು ಅನ್ನೋ ಸಾಧ್ಯತೆಗೆ ಹೆದರಿ, ನೂರಕ್ಕೆ ಅರವತ್ತೈದು ಅನ್ನೋ ಕಾಯಿಲೆಗೆ ಔಷಧಿ ಆಗೋ ರಕ್ತವನ್ನ ಮಗು ಕೈಯಿಂದ ಕಿತ್ತು ಚೀಲಕ್ಕೆ ತುಂಬೋದಾ?

ಕೌನ್ಸೆಲರ್ ಎರಡೂ ಆಗತ್ತೆ ಮೇಡಂ, ಕ್ಲಿಪ್ ಹಾಕಿದ್ಮೇಲೇ ನಾವು ತೆಗೆಯೋದು ಅಂದಿದ್ರು. ನಿಜ, ಕ್ಲಿಪ್ ಹಾಕಿದ್ಮೇಲೇ ತೆಗೀತಾರೆ. ಆದ್ರೆ ಮೂರು ನಿಮಿಷ ಕಾದ್ರೆ ಬಳ್ಳಿಯಲ್ಲಿ ಉಳಿಯೋದು ಸ್ವಲ್ಪ, ಚೀಲ ತುಂಬಲ್ಲ, ಕೋಶದ ಲೆಕ್ಕ ಸಾಲಲ್ಲ. ಚೀಲ ತುಂಬ್ಬೇಕು ಅಂದ್ರೆ ಬೇಗ ಕ್ಲಿಪ್ ಹಾಕ್ಬೇಕು, ಮಗೂಗೆ ಕಮ್ಮಿ. ಎರಡನ್ನೂ ಪೂರ್ತಿ ಮಾಡೋಕಾಗಲ್ಲ, ಇರೋದು ಒಂದೇ ರಕ್ತ. ನಮ್ಮ ಡಾಕ್ಟರನ್ನ ಕೇಳಿದೆ, ಮಗು ಚೆನ್ನಾಗಿ ಅತ್ತು ಉಸಿರಾಡಿದ್ರೆ ನಾವು ಕಾಯ್ತೀವಮ್ಮ, ಸಿಸೇರಿಯನ್ ಆದ್ರೂ ಮಾಡ್ಬೋದು, ಮಗೂಗೆ ತಕ್ಷಣ ಚಿಕಿತ್ಸೆ ಬೇಕಾದ್ರೆ ಮಾತ್ರ ಆಗಲ್ಲ, ಸ್ವಲ್ಪ ಜಾಂಡೀಸ್ ಜಾಸ್ತಿ ಆಗ್ಬೋದು ಲೈಟಿಗಿಟ್ರೆ ಹೋಗತ್ತೆ ಅಂದ್ರು. ಬ್ಯಾಂಕಿಂಗ್ ಬಗ್ಗೆ ಕೇಳಿದಾಗ ಅವರು ಬೇಕಾದ್ರೆ ಮಾಡಿಸಿ ಬೇಡಾದ್ರೆ ಬಿಡಿ ಅಂದ್ರಷ್ಟೇ, ಒತ್ತಾಯ ಮಾಡ್ಲಿಲ್ಲ. ಕೆಲವು ಕಡೆ ಡಾಕ್ಟರೇ ಒತ್ತಾಯ ಮಾಡ್ತಾರೆ ಅಂತ ಗೆಳತಿಯರು ಹೇಳ್ತಾರೆ, ಅಂಥ ಕಡೆ ನಿಮಗೆ ಬ್ಯಾಂಕಿನೋರಿಂದ ಏನಾದ್ರೂ ಬರತ್ತಾ ಡಾಕ್ಟ್ರೇ ಅಂತ ನೇರವಾಗಿ ಕೇಳೋಕೆ ನಮಗೆ ಹಕ್ಕಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರ ತನ್ನ ಹೇಳಿಕೇಲಿ ವೈದ್ಯರು ಅಂಥ ಹಣಕಾಸಿನ ಸಂಬಂಧ ಇದ್ರೆ ತಾವಾಗೇ ತಿಳಿಸ್ಬೇಕು ಅಂದಿದೆ.

ನಾವು ಬೇಡ ಅಂದ್ವಿ. ಮಗಳು ಹುಟ್ಟಿದಾಗ ಬಳ್ಳಿ ಮಿಡಿಯೋದು ನಿಲ್ಲೋತನಕ ಕಾದ್ರು.

ಅದೇ ವರ್ಷ ನಾದಿನಿಯೂ ಎರಡನೇ ಸಲ ಬಸುರಿಯಾಗಿದ್ಲು. ನಾನು ಬೇಡ ಅಂದ ಅದೇ ಕೆಲಸವನ್ನ ಅವಳಿಗೆ ಮಾಡಿಸ್ಲೇಬೇಕು ಅಂತ ಹಠ ಹಿಡಿದೋಳು ನಾನೇ. ಅವಳ ಮನೆ ಲೆಕ್ಕವೇ ಬೇರೆ. ಅವಳ ಮುಂದೆ ಎರಡು ಪ್ರಶ್ನೆ ಇತ್ತು: ಹೊಟ್ಟೇಲಿರೋ ಮಗೂಗೆ ಕಾಯಿಲೆ ಇಲ್ಲದೇ ಇರೋ ಸಾಧ್ಯತೆ ನಾಲ್ಕಕ್ಕೆ ಮೂರು, ಅಣ್ಣನಿಗೆ ಎಚ್‌ಎಲ್‌ಎ ಪೂರ್ತಿ ಹೊಂದೋ ಸಾಧ್ಯತೆ ನಾಲ್ಕಕ್ಕೆ ಒಂದು, ಎರಡೂ ಒಟ್ಟಿಗೆ ಆಗೋದು ಹದಿನಾರಕ್ಕೆ ಮೂರು. ಚಿಕ್ಕ ಲೆಕ್ಕ ಅನ್ಸತ್ತೆ, ಆದ್ರೆ ಎರಡೂವರೆ ಸಾವಿರಕ್ಕೆ ಒಂದರ ಪಕ್ಕದಲ್ಲಿಟ್ಟು ನೋಡಿ. ಮೂರನೇ ತಿಂಗಳಲ್ಲೇ ಮಾಸಿನ ಚೂರು ತೆಗೆದು ಟೆಸ್ಟ್ ಮಾಡಿದ್ರು, ಮಗು ಬರೀ ಕ್ಯಾರಿಯರ್ ಅಂತ ಬಂತು. ಅವತ್ತು ರಾತ್ರಿ ಫೋನ್ ಮಾಡಿ "ಅತ್ಗೇ, ಇನ್ನೊಂದು ಮಗೂಗೆ ಸೂಜಿ ಇಲ್ಲ" ಅಂದ್ಲು, ಆಮೇಲೆ ಇಬ್ರೂ ಮಾತಾಡ್ಲಿಲ್ಲ. ಹೆರಿಗೆ ಹೊತ್ತಿಗೆ ಮಗನನ್ನ ನೋಡ್ತಿದ್ದ ರಕ್ತರೋಗದ ಡಾಕ್ಟರೇ ಹೆರಿಗೆ ಡಾಕ್ಟರ್ ಹತ್ರ ಮಾತಾಡಿ ಎಲ್ಲಾ ವ್ಯವಸ್ಥೆ ಮಾಡಿದ್ರು, ಎಷ್ಟು ಹೊತ್ತು ಕಾಯ್ಬೇಕು ಎಷ್ಟು ತೆಗೀಬೇಕು ಅಂತ ಅವರವರೇ ತೀರ್ಮಾನ ಮಾಡಿದ್ರು, ಇದು ಹೀಗೆ ಆಗ್ಬೇಕು, ಸೇಲ್ಸ್ ಕಾಲ್‌ನಿಂದ ಅಲ್ಲ.

ಎಚ್‌ಎಲ್‌ಎ ಅರ್ಧ ಹೊಂದಿತು, ಪೂರ್ತಿ ಹೊಂದ್ಲಿಲ್ಲ. ರಿಪೋರ್ಟ್ ಬಂದ ವಾರ ಮನೇಲಿ ಯಾರೂ ಸರಿಯಾಗಿ ಊಟ ಮಾಡ್ಲಿಲ್ಲ. ದುಡ್ಡು ಹಾಳಾಯ್ತು ಅಂತ ಅವರ ಮನೆ ಕಡೆ ಯಾರೋ ಅಂದ್ರಂತೆ, ಹಾಳಾಗಿಲ್ಲ, ಗೊತ್ತಿರೋ ಒಬ್ಬ ಮಗೂಗೋಸ್ಕರ ಗೊತ್ತಿರೋ ಸಾಧ್ಯತೆ ಮೇಲೆ ಇಟ್ಟ ದುಡ್ಡು ಅದು. ಮತ್ತೆ ಅಂಥ ಸಂದರ್ಭ ಬಂದ್ರೆ ಮತ್ತೆ ಇದನ್ನೇ ಮಾಡ್ತೀನಿ ಅಂತಾಳೆ ಅವಳು. ಅಪ್ಪ ಅಮ್ಮನ ಅರ್ಧ ಹೊಂದೋ ಮಜ್ಜೆಯಿಂದ ಮಾಡೋ ಟ್ರಾನ್ಸ್‌ಪ್ಲಾಂಟ್ ಈಗ ಮುಂಚಿಗಿಂತ ಸುಧಾರಿಸಿದೆ, ಅದೂ ಒಂದು ಕಾರಣಕ್ಕೆ ಜಗತ್ತಲ್ಲಿ ಕಾರ್ಡ್ ಬ್ಲಡ್ ಬಳಕೆ ಕಡಿಮೆ ಆಗ್ತಿದೆ, ಆ ದಾರಿ ಬಗ್ಗೆ ಡಾಕ್ಟರ್ ಯೋಚಿಸ್ತಿದಾರೆ. ಜೊತೆಗೆ ಹೊರಗಿನ ದಾನಿ ಸಿಗ್ತಾರಾ ಅಂತ ಹುಡುಕಾಟ ನಡೀತಿದೆ. (ಪೂರ್ತಿ ಹೊಂದೋ ಒಡಹುಟ್ಟಿದೋರು ಇದ್ದು ದುಡ್ಡಿಗೆ ಒದ್ದಾಡ್ತಿರೋರು ಕೋಲ್ ಇಂಡಿಯಾದ ಥಲಸ್ಸೀಮಿಯಾ ಬಾಲ ಸೇವಾ ಯೋಜನೆ ಬಗ್ಗೆ ನಿಮ್ಮ ಡಾಕ್ಟರನ್ನ ಕೇಳಿ, ಟ್ರಾನ್ಸ್‌ಪ್ಲಾಂಟಿಗೆ 10 ಲಕ್ಷದವರೆಗೆ ಸಹಾಯ ಕೊಡತ್ತೆ.)

ನನ್ನ ಮಗಳ ರಕ್ತವನ್ನ ದಾನವಾಗಿ ಕೊಡೋಕಾಗತ್ತಾ ಅಂತಾನೂ ನಾವು ವಿಚಾರಿಸಿದ್ವಿ, ನಮ್ಮ ಆಸ್ಪತ್ರೆಗೆ ಬಂದು ತಗೊಂಡು ಹೋಗೋ ಪಬ್ಲಿಕ್ ಬ್ಯಾಂಕ್ ಸಿಗ್ಲಿಲ್ಲ. ಪಬ್ಲಿಕ್ ಬ್ಯಾಂಕಲ್ಲಿಟ್ಟಿದ್ದು ಹೊಂದೋ ಯಾವ ರೋಗಿಗಾದ್ರೂ ಹೋಗತ್ತೆ, ನ್ಯೂಯಾರ್ಕ್ ಬ್ಲಡ್ ಸೆಂಟರಲ್ಲಿ ಪಾಬ್ಲೊ ರುಬಿನ್‌ಸ್ಟೈನ್ ತೊಂಬತ್ತರ ದಶಕದ ಶುರುವಲ್ಲಿ ಆ ಕೆಲಸ ಆರಂಭಿಸಿದ್ರು, ನಮ್ಮಲ್ಲಿ ಅದು ಬೇರು ಬಿಡ್ಲೇ ಇಲ್ಲ, ಎಲ್ಲರ ದುಡ್ಡೂ ಸ್ವಂತದ ಲಾಕರ್ ಕಡೆಗೇ ಹೋಯ್ತು. ಇದು ನಂಗೆ ನಿಜವಾಗ್ಲೂ ಬೇಜಾರಿನ ವಿಷಯ, ಯಾಕಂದ್ರೆ ನಮ್ಮ ಹುಡುಗನ ಥರದ ಮಕ್ಕಳಿಗೆ ಬೇಕಾಗಿರೋದು ಅವರವರ ಲಾಕರ್ ಅಲ್ಲ, ನಮ್ಮ ಜನರದೇ ಎಚ್‌ಎಲ್‌ಎ ಇರೋ ದೊಡ್ಡ ದಾನಿಗಳ ಪಟ್ಟಿ.

ಆ ಪಟ್ಟಿ ನಾವು ಮಾಡ್ಬೋದು, ಅದಕ್ಕೆ ಬಳ್ಳಿಯೂ ಬೇಡ, ಬಸಿರೂ ಬೇಡ. ಬೆಂಗಳೂರಲ್ಲಿ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ ಇದೆ, ಚೆನ್ನೈನಲ್ಲಿ ದಾತ್ರಿ ಇದೆ, ಎರಡೂ ಸ್ಟೆಮ್ ಸೆಲ್ ದಾನಿಗಳ ಹೆಸರು ಬರ್ಕೊಳ್ಳೋ ಸಂಸ್ಥೆಗಳು, ಫಾರ್ಮ್ ತುಂಬಿ ಕೆನ್ನೆ ಒಳಗೆ ಹತ್ತಿ ಕಡ್ಡಿ ಆಡಿಸಿ ಕೊಟ್ರೆ ಆಯ್ತು, ಹೆಸರು ಸೇರತ್ತೆ. ಮುಂದೆ ಯಾರಿಗಾದ್ರೂ ಹೊಂದಿದ್ರೆ ಹೆಚ್ಚಿನ ಸಲ ಪ್ಲೇಟ್‌ಲೆಟ್ ಕೊಡೋ ಥರಾನೇ ಕೈಯಿಂದ ರಕ್ತ ತೆಗೆದು ಸ್ಟೆಮ್ ಸೆಲ್ ಬೇರೆ ಮಾಡ್ಕೊಂಡು ರಕ್ತ ವಾಪಸ್ ಬಿಡ್ತಾರೆ. ನಾನು, ನಮ್ಮನೆಯವರು, ಅವರ ಆಫೀಸಿನ ಒಂದಷ್ಟು ಜನ ಸೇರಿದೀವಿ. ನಮ್ಮಿಂದ ನಮ್ಮ ಹುಡುಗನಿಗೇ ಹೊಂದತ್ತೆ ಅಂತ ಏನಿಲ್ಲ. ಬಸುರಿಯರು ಯಾರಾದ್ರೂ ಇದನ್ನ ಓದ್ತಿದ್ರೆ, ಮೊದಲು ಎಚ್‌ಬಿಎ2 ಮಾಡಿಸಿ, ಮನೇಲಿ ರಕ್ತದ ಕಾಯಿಲೆಯೋರು ಇದ್ರೆ ಅವರ ಡಾಕ್ಟರ್ ಹತ್ರ ಈಗಲೇ ಮಾತಾಡಿ, ಇಲ್ದಿದ್ರೆ ಬರ್ತ್ ಪ್ಲಾನಲ್ಲಿ ಬಳ್ಳಿಗೆ ಮೂರು ನಿಮಿಷ ಕಾಯಿರಿ ಅಂತ ಬರೆಸಿ. ಮತ್ತೆ ನಿಮ್ಮ ಗಂಡನ್ನ, ತಮ್ಮನ್ನ, ಮೈದುನನ್ನ ಆ ಹತ್ತಿ ಕಡ್ಡಿಗೆ ಕಳಿಸಿ.